ಲೇತಿನ ತವರುಮನೆ

ನಮ್ಮೂರಿನಲ್ಲಿ ಮಿಷನ್ನುಗಳನ್ನು ಮಾರುವುದಿಲ್ಲ, ಕೊಡುತ್ತಾರೆ. ಗ್ರೈಂಡರಾಗಲಿ ಹೊಲಿಗೆ ಮಿಷನ್ನಾಗಲಿ, ಅದು ಒಂದು ಮನೆಯ ಹೆಣ್ಣುಮಗಳು. ಮಾಡಿದ ಕಾರ್ಖಾನೆ ಅದರ ತವರು, ತಂದುಕೊಂಡ ನಾವು ಅತ್ತೆ ಮಾವ. ಗಂಡು ಯಾರು ಅಂತ ಕೇಳಬೇಡಿ, ಇದುವರೆಗೆ ಯಾರೂ ಕೇಳಿಲ್ಲ, ಕೇಳಿ ನೀವ್ಯಾಕೆ ಕೆಟ್ಟವರಾಗುತ್ತೀರಿ? ದುಡ್ಡು ಕೊಡುವುದಿಲ್ಲವೇ ಅಂದರೆ ಕೊಡುತ್ತೇವೆ, ಎಲೆ ಅಡಿಕೆಯ ಜೊತೆ ತಟ್ಟೆಯಲ್ಲಿಟ್ಟು ಕೊಡುತ್ತೇವೆ, ಆಗ ಅದು ದುಡ್ಡಲ್ಲ, ಮರ್ಯಾದೆ. ಹೊಸ ಮಿಷನ್ನು ಹೊಸಿಲು ದಾಟುವಾಗ ಅಕ್ಕಿ ತುಂಬಿದ ಸೇರು ಒದೆಯಬೇಕು. ಮಿಕ್ಸಿಯಾದರೆ ಎತ್ತಿ ತಾಗಿಸಿದರೆ ಮುಗಿಯಿತು. ಪಕ್ಕದ ಮನೆಯ ಹೊಂಬಾಳಮ್ಮ ಫ್ರಿಜ್ಜು ತಂದಾಗ ಅದರ ಕಾಲಲ್ಲಿ ಸೇರು ಒದೆಸಲು ಹೋಗಿ ಆಕೆಯ ಭಾವನ ಸೊಂಟ ಹಿಡಿದುಕೊಂಡಿತು. ಸೇರು ಮಾತ್ರ ಚೆನ್ನಾಗಿ ಉರುಳಿತು, ಎಲ್ಲರೂ ಶುಭ ಅಂದರು.

ಮಿಷನ್ನು ಕೆಟ್ಟರೆ ಬೇಕಾದ ಸಾಮಾನು ತವರಿನಿಂದಲೇ ಬರಬೇಕು. ಅಂಗಡಿಯಲ್ಲಿ ಸಿಗುವ ಬೋಲ್ಟನ್ನೋ ಬೆಲ್ಟನ್ನೋ ಹಾಕಿದರೆ ಮಿಷನ್ನು ಅದನ್ನು ಉಗುಳಿಬಿಡುತ್ತದೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಉಗುಳುತ್ತದೆ, ಅದಕ್ಕೇ ನಮ್ಮೂರ ರಿಪೇರಿಯವರು ತಲೆಗೆ ದಪ್ಪ ಬಟ್ಟೆ ಸುತ್ತಿಕೊಂಡು ಕೆಲಸ ಮಾಡುವುದು. ತವರು ಒಳ್ಳೆಯದಾದರೆ ಚಿಂತೆಯಿಲ್ಲ. ಹೊಂಬಾಳಮ್ಮನ ಮಿಕ್ಸಿಯ ತವರಿನವರು ಗೌರಿ ಹಬ್ಬ ಬಂತೆಂದರೆ ಮೊರದ ಬಾಗಿನದಲ್ಲಿ ವಾಷರು, ಬ್ಲೇಡು, ಜಾರಿನ ಮುಚ್ಚಳ ಎಲ್ಲ ಇಟ್ಟು ತರುತ್ತಾರೆ. ಆಕೆ ಅದನ್ನು ಬೀದಿಗೆಲ್ಲ ತೋರಿಸಿಕೊಂಡು ಬರುತ್ತಾಳೆ. ನೋಡಿ ನೋಡಿ ನನಗೆ ಮುಚ್ಚಳ ಅಂದರೇ ಜಿಗುಪ್ಸೆ.

ನಮ್ಮ ಯಜಮಾನರು ಶಿವನಂಜಪ್ಪ ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿದ್ದವರು. ತಡವಾಗಿ ಬಂದ ಡ್ರೈವರುಗಳನ್ನು ಬೈಯುವುದು ಉದ್ಯೋಗ, ಹೊತ್ತಿಗೆ ಸರಿಯಾಗಿ ಬಂದವರನ್ನು ಬೈಯುವುದು ಹವ್ಯಾಸ. ರಿಟೈರಾದ ಮೇಲೆ ಬೈಯಲು ಸಿಕ್ಕಿದವಳು ನಾನೊಬ್ಬಳೇ. ನಾನೋ ಬೈಸಿಕೊಂಡು ಸುಮ್ಮನಿರುವವಳಲ್ಲ, ದಾಕ್ಷಾಯಿಣಿಯ ಬಾಯಿ ಅಂದರೆ ನಮ್ಮ ಬೀದಿಯಲ್ಲಿ ತರಕಾರಿ ಗಾಡಿಯವನೂ ತಕ್ಕಡಿ ಸರಿಮಾಡಿಕೊಳ್ಳುತ್ತಾನೆ. ಕೊನೆಗೆ ಇಬ್ಬರ ಕ್ಷೇಮಕ್ಕಾಗಿ ನಾನೇ, ಏನಾದರೂ ಕೆಲಸ ಹಚ್ಚಿಕೊಳ್ಳಿ ಮಾರಾಯರೇ ಅಂದೆ. ಅವರಿಗೆ ಚಿಕ್ಕಂದಿನಿಂದ ಮರಗೆಲಸದ ಹುಚ್ಚು ಇತ್ತಂತೆ. ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಅದು ಗೊತ್ತಾದದ್ದು ಆವತ್ತು. ಸರಿ, ಮರ ಕಡೆಯುವ ಒಂದು ಸಣ್ಣ ಲೇತನ್ನು ಮನೆ ತುಂಬಿಸಿಕೊಳ್ಳುವುದೆಂದು ತೀರ್ಮಾನವಾಯಿತು.

ಕೊಡುವ ದಿನ ತವರಿನವರು ಟೆಂಪೋದಲ್ಲಿ ಬಂದರು. ಅವರ ಹಿರಿಯರು ಗುರುಸಿದ್ದಯ್ಯ ಅಂತ, ಕಾರ್ಖಾನೆಯ ಯಜಮಾನರು, ತಲೆಗೆ ಜರಿ ಪೇಟ, ಬಾಯಿ ತುಂಬ ಎಲೆ ಅಡಿಕೆ. ಹುಡುಗಿಯ ಜೊತೆ ಒಂದು ಮರದ ಪೆಟ್ಟಿಗೆಯನ್ನೂ ಇಳಿಸಿದರು. ಅದರಲ್ಲಿ ಇನ್ನೊಂದು ಬೆಲ್ಟು, ಬೇರಿಂಗುಗಳು, ಸ್ಪ್ಯಾನರು, ಏನು ಕೆಟ್ಟರೆ ಏನು ಮಾಡಬೇಕೆಂದು ತಿಳಿಸುವ ಪುಸ್ತಕ, ಎಲ್ಲ ಇತ್ತು. ಗುರುಸಿದ್ದಯ್ಯನವರು ಪದ್ಧತಿಯಂತೆ ಕೈಮುಗಿದು, "ನಮ್ಮ ಕೈಲಾದ್ದು ಇಷ್ಟು. ಇನ್ನೇನಾದ್ರೂ ಬೇಕಿದ್ರೆ ಬಾಯಿಬಿಟ್ಟು ಹೇಳ್ಬಿಡಿ ಬೀಗ್ರೇ" ಅಂದರು. ಇಂಥ ಹೊತ್ತಿನಲ್ಲಿ ಗಂಡಿನ ಕಡೆಯ ಹಿರಿಯನಿಗೆ ಎದೆ ಉಬ್ಬದೆ ಇರುತ್ತದೆಯೇ? ನಮ್ಮವರು ಶಲ್ಯ ಸರಿಮಾಡಿಕೊಂಡು, ಬೀದಿಯ ಕೊನೆಯ ಮನೆಗೂ ಕೇಳುವಂತೆ, "ನಮಗೇನೂ ಬೇಡ ಬೀಗ್ರೇ! ಹುಡುಗಿ ಕೊಟ್ರೆ ಸಾಕು!" ಅಂದರು. ನೆರೆದ ಜನ ಭಲೇ ಅಂದರು. ಗುರುಸಿದ್ದಯ್ಯನವರ ಕಣ್ಣಲ್ಲಿ ನೀರೇ ಬಂತು. ಕಣ್ಣು ಒರೆಸಿಕೊಂಡವರೇ ಪೆಟ್ಟಿಗೆಯನ್ನು ವಾಪಸು ಟೆಂಪೋಗೆ ಹಾಕಿಸಿದರು.

ಅಲ್ಲಾ, ಆ ಮಾತನ್ನು ಯಾರಾದರೂ ನಿಜ ಅಂದುಕೊಳ್ಳುತ್ತಾರೆಯೇ? ಎಲ್ಲ ಮದುವೆಯಲ್ಲೂ ಎಲ್ಲರೂ ಅದನ್ನು ಹೇಳುತ್ತಾರೆ. ಇವರು ಬೇಡ ಅನ್ನಬೇಕು, ಅವರು ಬಲವಂತ ಮಾಡಬೇಕು, ಇವರು ಬೇಡ ಬೇಡ ಅನ್ನುತ್ತಲೇ ಒಳಗೆ ತೆಗೆದಿಡಬೇಕು, ಇದು ತಾನೇ ಮರ್ಯಾದಸ್ಥರ ನಡೆ? ಬಲವಂತ ಮಾಡುವಷ್ಟು ಪುರುಸೊತ್ತು ಆ ಮಹಾನುಭಾವರಿಗೆ ಇರಲಿಲ್ಲ. ಟೆಂಪೋ ತಿರುವಿನಲ್ಲಿ ಮರೆಯಾಗುವವರೆಗೂ ನಮ್ಮವರು ನಗುಮುಖದಲ್ಲೇ ನಿಂತಿದ್ದರು, ಆಮೇಲೆ ಒಳಗೆ ಬಂದು ಒಂದು ಲೋಟ ನೀರು ಕೇಳಿದರು.

ಹುಡುಗಿ ಮಾತ್ರ ಒಳ್ಳೆಯವಳು, ಸುಳ್ಳು ಹೇಳಬಾರದು. ಹಿತ್ತಿಲ ಷೆಡ್ಡಿನಲ್ಲಿ ಗುಂಯ್ ಅಂತ ತಿರುಗುತ್ತಿದ್ದಳು, ಯಜಮಾನರು ಉಳಿ ಹಿಡಿದು ಮರ ಕಡೆಯುತ್ತ ಮರವನ್ನೇ ಬೈಯುತ್ತಿದ್ದರು. ಮೊದಲು ಲಟ್ಟಣಿಗೆ ಮಾಡಿದರು. ಆಮೇಲೂ ಲಟ್ಟಣಿಗೆಯನ್ನೇ ಮಾಡಿದರು. ಬೀದಿಯ ಪ್ರತಿ ಮನೆಗೂ ಲಟ್ಟಣಿಗೆ ಕೊಟ್ಟು ಮುಗಿದ ಮೇಲೆ ಎರಡನೆಯ ಸುತ್ತು ಶುರುವಾಯಿತು. ಅವರು ಕೈಯಲ್ಲಿ ಏನೋ ಹಿಡಿದು ಬರುವುದು ಕಂಡರೆ ಹೊಂಬಾಳಮ್ಮ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದವರು ಬಚ್ಚಲಲ್ಲೇ ಕುಸಿದರು. ಲಕ್ವ. ಕೈ ನಿಧಾನಕ್ಕೆ ಚೇತರಿಸಿಕೊಂಡಿತು, ಕಾಲೂ ಎಳೆದುಕೊಂಡು ನಡೆಯುವಷ್ಟಾಯಿತು, ಮಾತು ಬರಲಿಲ್ಲ. ಈ ಮನುಷ್ಯನ ಬಾಯಿ ಸ್ವಲ್ಪ ಮುಚ್ಚಿಸಪ್ಪಾ ಅಂತ ನಾನು ಎಷ್ಟು ಸಲ ದೇವರಿಗೆ ಕೈಮುಗಿದಿದ್ದೆನೋ. ದೇವರಿಗೆ ಕಿವಿ ಮಂದ. ತಡವಾಗಿ ಕೇಳಿಸಿಕೊಂಡ, ಅದರಲ್ಲೂ ಸ್ವಲ್ಪ ಅನ್ನುವ ಮಾತು ಕೇಳಿಸಿಕೊಳ್ಳಲೇ ಇಲ್ಲ. ಆ ಮನೆಯಲ್ಲಿ ನಾನೊಬ್ಬಳೇ ಮಾತಾಡಿ, ನಾನೊಬ್ಬಳೇ ಎದುರುತ್ತರ ಕೊಟ್ಟುಕೊಂಡು, ಜಗಳದಲ್ಲಿ ನಾನೊಬ್ಬಳೇ ಗೆಲ್ಲುವುದು ಎಂಥ ಶಿಕ್ಷೆ ಅಂತ ಹೇಗೆ ಹೇಳಲಿ?

ಹೊತ್ತು ಹೋಗಲಿ ಅಂತ ಒಂದು ದಿನ ಅವರನ್ನು ಷೆಡ್ಡಿಗೆ ಕರೆದುಕೊಂಡು ಹೋಗಿ ಲೇತಿನ ಮುಂದೆ ಕೂರಿಸಿ ಸ್ವಿಚ್ಚು ಹಾಕಿದೆ. ಲೇತ್ ತಿರುಗಿತು. ಅವರು ಉಳಿ ಎತ್ತಿಕೊಂಡರು, ತಿರುಗಿಸಿ ನೋಡಿದರು. "ಏನೇ ಇದು, ಉಳಿ ತುಂಬ ತುಕ್ಕು! ನಾನು ಮಲಗಿದ್ರೆ ಒಂಚೂರು ಎಣ್ಣೆ ಒರೆಸೋಕೂ ಗತಿ ಇಲ್ವಾ ಈ ಮನೇಲಿ?" ಅಂದರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತುಬಿಟ್ಟೆ. ಸ್ವಿಚ್ಚು ಆರಿಸಿದರೆ ಮಾತು ನಿಂತಿತು, ಹಾಕಿದರೆ ಮತ್ತೆ ಬಂತು. ಡಾಕ್ಟರನ್ನು ಕೇಳಿದರೆ, ಹಾಗೂ ಉಂಟು ಅಂದರು. ನಮ್ಮೂರಿನ ಡಾಕ್ಟರು ಎಲ್ಲದಕ್ಕೂ ಹಾಗೇ ಅನ್ನುವುದು. ಅಲ್ಲಿಂದ ಮುಂದೆ ನಾನು ಅಕ್ಕಿ ಆರಿಸುವುದು, ಸೊಪ್ಪು ಬಿಡಿಸುವುದು ಎಲ್ಲ ಷೆಡ್ಡಿನಲ್ಲೇ. ಅವರು ಬೈಯುತ್ತಿದ್ದರು, ನಾನು ತಿರುಗಿ ಬೈಯುತ್ತಿದ್ದೆ, ಸಂಸಾರ ಸುಖವಾಗಿತ್ತು.

ಇಂಥ ಲೇತ್ ಕೆಟ್ಟಿತು. ತಲೆಯೊಳಗಿನ ಬೇರಿಂಗು ಕರಕರ ಅಂತ ಶುರುಮಾಡಿ, ಒಂದು ಮಧ್ಯಾಹ್ನ ಕಚ್ಚಿಕೊಂಡು ನಿಂತೇಹೋಯಿತು. ಅವರು "ನಿಮ್ಮಪ್ಪನ ಮನೆಯವರು" ಅಂತ ಏನೋ ಶುರುಮಾಡಿದ್ದರು, ಅಲ್ಲಿಗೇ ನಿಂತಿತು. ನಮ್ಮಪ್ಪನ ಮನೆಯವರು ಏನು ಮಾಡಿದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ರಿಪೇರಿಯ ಪೀರ್ ಸಾಬರು ಬಂದು ತಮ್ಮ ಹತ್ತಿರ ಇದ್ದ ಒಂದು ಬೇರಿಂಗು ಹಾಕಿ ನೋಡಿದರು. ಲೇತ್ ಅದನ್ನು ಎದುರಿನ ಗೋಡೆಗೆ ಉಗುಳಿತು, ಕ್ಯಾಲೆಂಡರು ತೂತಾಯಿತು. "ಅಮ್ಮಾ, ತವರಿಗೆ ಹೋಗಿ ಕೇಳಿ. ಯಾವ ಬೇರಿಂಗು, ಹೆಂಗೆ ಕೂರಿಸೋದು, ಎಲ್ಲಾ ಅವರ ಪುಸ್ತಕದಲ್ಲೇ ಇರೋದು. ನನ್ನ ತಲೆ ಒಡೀಬೇಡಿ" ಅಂದು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿಕೊಂಡು ಹೊರಟರು.

ತವರುಮನೆ ಇರುವುದು ರೈಲ್ವೆ ಗೇಟಿನ ಆಚೆ, ತಗಡಿನ ದೊಡ್ಡ ಷೆಡ್ಡು. ಮುಂಭಾಗದ ಕಿಟಕಿಯಲ್ಲಿ ಸುಗುಣ ಅನ್ನುವವಳು ಕೂತಿದ್ದಳು, ಗುರುಸಿದ್ದಯ್ಯನವರ ತಮ್ಮನ ಮಗಳು. ನನ್ನನ್ನು ನೋಡಿದವಳೇ ಮುಖ ಅರಳಿಸಿ, "ಬನ್ನಿ ಬನ್ನಿ, ನಮ್ಮ ಹುಡುಗಿ ಹೇಗಿದಾಳೆ?" ಅಂದಳು.

"ನಿಂತುಹೋಗಿದಾಳೆ ಕಣಮ್ಮ" ಅಂದೆ.

ಅರಳಿದ ಮುಖ ಹಾಗೇ ಮುದುಡಿತು. "ಅಯ್ಯಯ್ಯೋ! ನಮ್ಮನೇಲಿದ್ದಾಗ ಚೆನ್ನಾಗಿದ್ಲಲ್ಲ! ಏನ್ ಮಾಡಿದ್ರಿ ಅವಳಿಗೆ?" ಆಮೇಲೆ ಶುರುವಾಯಿತು ವಿಚಾರಣೆ. ಹೊತ್ತು ಹೊತ್ತಿಗೆ ಎಣ್ಣೆ ಹಾಕುತ್ತಿದ್ದಿರಾ, ಹಸಿ ಮರ ಕೊಟ್ಟು ದುಡಿಸಿದಿರಾ, ಕರೆಂಟು ಕಮ್ಮಿ ಇರುವಾಗಲೂ ಬಿಡದೆ ಕೆಲಸ ತೆಗೆದಿರಾ, ಮೈಮೇಲೆ ಏನಾದರೂ ಭಾರ ಹೇರಿದಿರಾ? ಕಿಟಕಿಯ ಹಿಂದೆ ಕೂತಿದ್ದವರೆಲ್ಲ ಒಬ್ಬೊಬ್ಬರೇ ಎದ್ದು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನನ್ನ ಅತ್ತೆ ನನ್ನನ್ನು ಯಾವ ಯಾವ ಬಗೆಯಲ್ಲಿ ಕಾಡಿದರು ಅಂತ ಹೇಳಲು ಹೊರಟರೆ ಆ ಷೆಡ್ಡಿನಲ್ಲಿ ಜಾಗ ಸಾಲದು, ಆಗ ನಮ್ಮ ತವರಿನಿಂದ ಕೇಳಲು ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಲೇತಿಗಾದರೆ ಎದ್ದು ಬರುತ್ತಾರೆ ನೋಡಿ, ಒಂದು ಊರಿಗೆ ಊರೇ. ಕೊನೆಗೆ ಅರಿಶಿನ ಕುಂಕುಮ ಕೊಟ್ಟು, ವಿಷಯ ದೊಡ್ಡವರ ಕಿವಿಗೆ ಹಾಕುತ್ತೇವೆ ಅಂತ ಕಳಿಸಿದರು.

ಮುಂದಿನ ಸಲ ಹೋದರೆ ದೊಡ್ಡವರು ಮಲಗಿದ್ದರು. ಅದರ ಮುಂದಿನ ಸಲ, ಬೆಲ್ಟಿನ ವಿಷಯವಾಗಿದ್ದರೆ ಚಿಕ್ಕಪ್ಪನೇ ಹೇಳಿಬಿಡುತ್ತಿದ್ದರು, ಬೇರಿಂಗು ಅಂದರೆ ಸೋದರಮಾವನನ್ನೇ ಕೇಳಬೇಕು ಅಂದರು. ಸೋದರಮಾವ ಬೇರೆ ಊರಿನಲ್ಲಿದ್ದರು. ಅವರು ಬಂದ ಮೇಲೆ ಹೋದರೆ, ಆಷಾಢ ಹುಟ್ಟಿದೆ, ಈ ತಿಂಗಳು ಅತ್ತೆ ಸೊಸೆಯ ಮಾತು ಎತ್ತುವ ಹಾಗಿಲ್ಲ ಅಂದರು. ಯಾರೂ ಇಲ್ಲ ಅನ್ನಲಿಲ್ಲ, ಅದನ್ನು ಮೆಚ್ಚಬೇಕು. ಪ್ರತಿ ಸಲವೂ ಕಾಫಿ ಕೊಟ್ಟರು. ನಾನು ಬೇರಿಂಗಿಗೆ ಹೋಗಿ ಕಾಫಿ ಕುಡಿದು ಬರುವುದೇ ಒಂದು ಉದ್ಯೋಗವಾಯಿತು. ಮನೆಗೆ ಬಂದರೆ ಅವರು ಷೆಡ್ಡಿನಲ್ಲಿ, ನಿಂತ ಲೇತಿನ ಮುಂದೆ, ಉಳಿ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ನನ್ನ ಕೈ ನೋಡುತ್ತಿದ್ದರು. ಕೈ ಖಾಲಿ. ಆಗ ಅವರು ಮುಖ ತಿರುಗಿಸುತ್ತಿದ್ದರು.

ಆಷಾಢ ಕಳೆದ ಮೇಲೆ ಅಂತೂ ಗುರುಸಿದ್ದಯ್ಯನವರ ದರ್ಶನವಾಯಿತು. ಪೂರ್ತಿ ಕೇಳಿಸಿಕೊಂಡು, ಎಲೆ ಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿ, "ಬೀಗಿತಿಯವ್ರೇ, ಬೇರಿಂಗು ಒಳಗೇ ಇದೆ. ಪುಸ್ತಕಾನೂ ಇದೆ. ಆದ್ರೆ ನಿಮ್ಮ ಯಜಮಾನ್ರು ನಾಲ್ಕು ಜನದ ಮುಂದೆ ಏನೂ ಬೇಡ ಅಂದ್ರು. ಅಂಥಾ ದೊಡ್ಡ ಮಾತನ್ನ ನಾವು ಸಣ್ಣದು ಮಾಡೋಕಾಗತ್ತಾ? ಹೇಳಿದ ಬಾಯೇ ಬಂದು ಬೇಕು ಅನ್ಬೇಕು" ಅಂದರು.

"ಆ ಬಾಯಿಗೆ ಮಾತಿಲ್ಲ ಸ್ವಾಮೀ. ನಿಮ್ಮ ಲೇತ್ ಓಡಿದ್ರೆ ಮಾತ್ರ ಮಾತು ಬರೋದು."

"ಓಡಿಸಿ, ಅದಕ್ಕೇನಂತೆ."

"ಓಡ್ಬೇಕಾದ್ರೆ ಬೇರಿಂಗು ಬೇಕು."

"ಬಂದು ಕೇಳ್ಲಿ, ಈ ಕ್ಷಣ ಕೊಡ್ತೀವಿ" ಅಂದು, ನನ್ನ ಸಮಸ್ಯೆ ಬಗೆಹರಿಸಿದ ತೃಪ್ತಿಯಿಂದ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಹೊರಡುವಾಗ ಒಳಗಿನಿಂದ ಗುಂಯ್ ಅನ್ನುವ ಸದ್ದು ಕೇಳಿಸಿತು. ನಮ್ಮ ಹುಡುಗಿಯ ತಂಗಿಯರು, ಇನ್ನೂ ಕೊಡದೆ ಉಳಿದವರು, ಒಳಗೆ ಸಾಲಾಗಿ ನಿಂತು ತಿರುಗುತ್ತಿದ್ದರು. ನಾನು ಅಲ್ಲೇ ನಿಂತೆ. ಛೇ, ಇಷ್ಟು ದಿನ ಕಾಫಿ ಕುಡಿದೆನೇ ಹೊರತು ಕಿವಿ ಎಲ್ಲಿಟ್ಟಿದ್ದೆ ಅಂತ ನನ್ನನ್ನೇ ಬೈದುಕೊಂಡೆ.

ಮಾರನೆಯ ದಿನ ಯಜಮಾನರಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಶಲ್ಯ ಹೊದಿಸಿ, ಆಟೋದಲ್ಲಿ ಕೂರಿಸಿಕೊಂಡು ಹೋದೆ. "ಬೇರಿಂಗು ಬೇಕು ಅನ್ನಿ. ಅಷ್ಟೇ. ಬೇರೆ ಒಂದಕ್ಷರ ಬೇಡ" ಅಂತ ದಾರಿಯುದ್ದಕ್ಕೂ ಹೇಳಿದೆ, ಅವರು ತಲೆಯಾಡಿಸಿದರು. ಬೀಗರು ಬಂದರು ಅಂತ ಅಲ್ಲಿ ಗಡಿಬಿಡಿಯೋ ಗಡಿಬಿಡಿ. ಕಾಲಿಗೆ ನೀರು ಕೊಟ್ಟರು, ಚಾಪೆ ಹಾಸಿದರು. ನಾನು ಚಾಪೆಯ ಹತ್ತಿರ ನಿಲ್ಲಿಸದೆ ನೇರವಾಗಿ ಒಳಗೆ, ಲೇತುಗಳ ಸಾಲಿಗೇ ಕರೆದೊಯ್ದೆ. ಅಲ್ಲಿ ದಪ್ಪ ಮೀಸೆಯ ಒಬ್ಬಾತ ಮಂಚದ ಕಾಲು ಕಡೆಯುತ್ತಿದ್ದ. ಯಜಮಾನರು ಕಾಲೆಳೆದುಕೊಂಡು ಹೋಗಿ ಅವನ ಹಿಂದೆ ನಿಂತರು. ಅವರ ಕುತ್ತಿಗೆಯ ನರ ಉಬ್ಬಿತು.

"ಏನಯ್ಯಾ ಅದು, ಉಳಿನೋ ಸೌಟೋ? ಹುಳಿ ತಿರುವ್ತಾ ಇದೀಯಾ? ಕೈ ಇಳಿಸು! ಇಳಿಸಯ್ಯಾ ಕೈ!"

ಮೀಸೆಯವನು ಬೆದರಿ ಉಳಿ ಬಿಟ್ಟುಬಿಟ್ಟ. ನನಗೆ ಕುಣಿದಾಡುವಷ್ಟು ಸಂತೋಷ. ಗುರುಸಿದ್ದಯ್ಯನವರು ಓಡಿಬಂದರು, ಅವರ ಹಿಂದೆ ಸುಗುಣ, ಚಿಕ್ಕಪ್ಪ, ಸೋದರಮಾವ, ಎಲ್ಲ. "ಅಬ್ಬಾ, ಬೀಗ್ರಿಗೆ ಮಾತು ಬಂತು! ಹೇಳಿ ಬೀಗ್ರೇ, ನಾಲ್ಕು ಜನದ ಮುಂದೆ ಹೇಳ್ಬಿಡಿ. ನಮ್ಮಿಂದ ಏನಾಗ್ಬೇಕು? ಏನು ಬೇಕು ನಿಮಗೆ?" ಅಂದರು.

ಆ ಮನುಷ್ಯ ಸುತ್ತ ನೋಡಿದರು. ಅಷ್ಟು ಜನ ಬೀಗರು, ಅಷ್ಟೂ ಜನ ಕೈಮುಗಿದು ನಿಂತಿದ್ದಾರೆ. ಅವರ ಕೈ ತಾನಾಗಿ ಶಲ್ಯದ ಕಡೆಗೆ ಹೋಯಿತು.

"ನಮಗೇನೂ ಬೇಡ ಬೀಗ್ರೇ! ನಿಮ್ಮ ವಿಶ್ವಾಸ ಇದ್ರೆ ಸಾಕು!"

ಚಪ್ಪಾಳೆ ಬಿತ್ತು. ಗುರುಸಿದ್ದಯ್ಯನವರು ಮತ್ತೆ ಕಣ್ಣೊರೆಸಿಕೊಂಡರು, ಆ ಕಣ್ಣಲ್ಲಿ ನೀರು ಬರುವುದು ಎಷ್ಟು ಸಲೀಸೋ. ನಾನು ಯಜಮಾನರನ್ನು ನೋಡಿದೆ. ಮಾತು ಬಾಯಿಂದ ಬಿದ್ದ ಮೇಲೆ ಅವರಿಗೇ ತಿಳಿದಿತ್ತು, ಸಪ್ಪೆ ಮುಖ ಮಾಡಿಕೊಂಡು ಲೇತಿನ ಕಡೆ ತಿರುಗಿದರು. ಆಮೇಲೆ ನನ್ನ ತಲೆಗೆ ಹೊಳೆದದ್ದನ್ನು ನೆನೆಸಿಕೊಂಡರೆ ಈಗಲೂ ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಂತಾಗುತ್ತದೆ. ಮನೆಗೆ ಬಂದ ಬೀಗರನ್ನು, ಎದ್ದು ಹೊರಡಿ ಅನ್ನುವ ಹಾಗಿಲ್ಲವಲ್ಲ! ಅವರಾಗಿ ಎದ್ದರೆ ಉಂಟು, ಇಲ್ಲವಾದರೆ ಇಲ್ಲ.

"ಅಷ್ಟೊಂದು ವಿಶ್ವಾಸ ಅಂದ್ಮೇಲೆ ಇವರು ಇಲ್ಲೇ ನಾಲ್ಕು ದಿನ ಕಾಲ ಕಳೀಲಿ ಬಿಡಿ ಬೀಗ್ರೇ" ಅಂದೆ. "ಬೆಳಗ್ಗೆ ತಂದು ಬಿಡ್ತೀನಿ, ಸಾಯಂಕಾಲ ಕರ್ಕೊಂಡು ಹೋಗ್ತೀನಿ. ಊಟದ ಚಿಂತೆ ಮಾಡ್ಬೇಡಿ, ಡಾಕ್ಟರು ಉಪ್ಪು ಬಿಡಿಸಿದಾರೆ, ಬುತ್ತಿ ನಾನೇ ತರ್ತೀನಿ." ಲೇತ್ ನಿಂತ ಮೇಲೆ ಡಾಕ್ಟರು ಹೇಳಿದ ಆ ಉಪ್ಪಿನ ವಿಷಯ ಯಜಮಾನರಿಗೆ ಗೊತ್ತಿರಲಿಲ್ಲ, ಅದನ್ನು ಮಾತ್ರ ಮೆಲ್ಲಗೆ ಅಂದೆ.

"ಅಯ್ಯೋ, ಇದು ನಿಮ್ಮ ಮನೆನೇ" ಅಂದರು ಗುರುಸಿದ್ದಯ್ಯ. ಪಾಪ, ಪದ್ಧತಿಯಂತೆ ಅಂದರು. ನಾವೂ ಆ ಮಾತನ್ನು ನಿಜ ಅಂತಲೇ ತೆಗೆದುಕೊಂಡೆವು.

ನಾಲ್ಕು ದಿನ ನಲವತ್ತಾಯಿತು. ತಿರುಗುವ ಲೇತುಗಳ ನಡುವೆ ಕುರ್ಚಿ ಹಾಕಿಸಿಕೊಂಡು ಕೂತ ನಮ್ಮವರಿಗೆ ಡಿಪೋ ವಾಪಸು ಸಿಕ್ಕಿದ ಹಾಗಾಯಿತು. ಮೀಸೆಯವನಿಗೆ ಉಳಿ ಹಿಡಿಯಲು ಬರುವುದಿಲ್ಲ, ಚಿಕ್ಕಪ್ಪ ಹತ್ತು ಗಂಟೆಗೆ ಬರುತ್ತಾನೆ, ಸೋದರಮಾವ ಬಂದರೂ ಒಂದೇ ಬರದಿದ್ದರೂ ಒಂದೇ. ಗುರುಸಿದ್ದಯ್ಯನವರು ಊಟವಾದ ಮೇಲೆ ಮಲಗುವುದನ್ನೇ ಬಿಟ್ಟರು, ಗೊರಕೆಯ ಮೇಲೂ ಟೀಕೆ ಬಂದಿತ್ತಂತೆ. ನಾನು ಮಧ್ಯಾಹ್ನ ಬುತ್ತಿ ಒಯ್ದರೆ ಸುಗುಣ ಕಣ್ಣಲ್ಲೇ ಕೈಮುಗಿಯುತ್ತಿದ್ದಳು. ಊಟಕ್ಕೆ ಮಾತ್ರ ಅವರನ್ನು ಹೊರಗಿನ ಜಗಲಿಗೆ ಕರೆತರುತ್ತಿದ್ದರು. ಆ ಹೊತ್ತಿಗೆ ಲೇತುಗಳನ್ನೆಲ್ಲ ನಿಲ್ಲಿಸಿರುತ್ತಿದ್ದರು, ಆದ್ದರಿಂದ ನನ್ನ ಪಾಲಿಗೆ ಉಳಿದದ್ದು ಮತ್ತೆ ಅದೇ ಮೂಕ ಬಸವಣ್ಣ. ತುತ್ತು ಎತ್ತಿ ತಿಂದು, ಕೈತೊಳೆದು, ಒಳಗೆ ಹೋಗಿಬಿಡುತ್ತಿದ್ದರು. ಬಾಗಿಲು ಮುಚ್ಚಿ ಲೇತುಗಳು ಮತ್ತೆ ತಿರುಗಿದ ಮೇಲೆ ಒಳಗಿನಿಂದ ಅವರ ಬೈಗುಳ ಕೇಳುತ್ತಿತ್ತು. ಎಲ್ಲರನ್ನೂ ಬೈಯುತ್ತಿದ್ದರು, ನನ್ನೊಬ್ಬಳನ್ನು ಬಿಟ್ಟು. ಖಾಲಿ ಬುತ್ತಿ ಹಿಡಿದು ಆ ಜಗಲಿಯಲ್ಲಿ ನಿಂತು ಕೇಳುವಾಗ ನನಗೆ ಎಷ್ಟು ಹೊಟ್ಟೆಕಿಚ್ಚಾಗುತ್ತಿತ್ತು, ಯಾರಿಗೆ ಹೇಳಲಿ?

ಕೊನೆಗೆ ಗುರುಸಿದ್ದಯ್ಯನವರೇ ನಮ್ಮ ಮನೆಗೆ ಬಂದರು. ಕೈಯಲ್ಲಿ ಹರಿವಾಣ, ಅದರಲ್ಲಿ ಎಲೆ ಅಡಿಕೆ, ಅರಿಶಿನ ಕುಂಕುಮ, ನಡುವೆ ಹೊಸ ಬೇರಿಂಗು, ಪಕ್ಕದಲ್ಲಿ ಪುಸ್ತಕ. "ಕೇಳಿದ್ರೆ ತಾನೇ ಮಾತು ತಪ್ಪೋದು ಬೀಗಿತಿಯವ್ರೇ, ನಾವಾಗಿ ತಂದ್ರೆ ಬಾಗಿನ. ದಯವಿಟ್ಟು ತಗೊಳ್ಳಿ. ತಗೊಂಡು..." ಮುಂದಿನ ಮಾತು ಆಡುವ ಹಾಗಿರಲಿಲ್ಲ, ನುಂಗಿಕೊಂಡರು. ಅಯ್ಯೋ ಇದೆಲ್ಲ ಯಾಕೆ, ಬೇಡ ಬೇಡ ಅಂದೆ ನಾನು. ಅವರ ಮುಖ ಬಿಳಿಚಿಕೊಂಡಿತು. ಕಾಲಿಗೆ ಬೀಳುವಷ್ಟು ಬಲವಂತ ಮಾಡಿದರು. ಬಲವಂತ ಅಂದರೆ ಹೀಗಿರಬೇಕು. ಬೇಡ ಬೇಡ ಅನ್ನುತ್ತಲೇ ಹರಿವಾಣವನ್ನು ಒಳಗೆ ತೆಗೆದಿಟ್ಟೆ, ಆಮೇಲೆ ಹೊಂಬಾಳಮ್ಮನಿಗೆ ತೋರಿಸಲು ಒಯ್ದೆ.

ಪೀರ್ ಸಾಬರು ಪುಸ್ತಕ ನೋಡಿ ಬೇರಿಂಗು ಕೂರಿಸಿದರು. ಲೇತ್ ಅದನ್ನು ಉಗುಳಲಿಲ್ಲ, ಗುಂಯ್ ಅಂತ ತಿರುಗಿತು. ಯಜಮಾನರು ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದರು. ನನಗೆ ಕಾಯುವ ತಾಳ್ಮೆ ಎಲ್ಲಿ? ತಟ್ಟೆಯನ್ನು ಅವರ ಮುಂದಿನಿಂದ ಎತ್ತಿಕೊಂಡು ಬಂದು ಲೇತಿನ ಪಕ್ಕದ ಸ್ಟೂಲಿನ ಮೇಲಿಟ್ಟೆ. ಅವರು ಬಂದರು, ಕೂತರು, ಒಂದು ತುತ್ತು ಬಾಯಿಗಿಟ್ಟರು. ನಾನು ಸೆರಗು ಹಿಡಿದುಕೊಂಡು ನಿಂತಿದ್ದೆ.

"ಥೂ, ಏನೇ ಇದು ಸಾರು? ಉಪ್ಪಿಲ್ಲ ಏನಿಲ್ಲ! ಲಕ್ವ ಹೊಡೆದವನಿಗೆ ನಾಲಿಗೆನೂ ಇರಲ್ಲ ಅಂದ್ಕೊಂಡಿದೀಯಾ? ಲೇತ್ ನಿಂತಾಗಿಂದ ಇದನ್ನೇ ಬಡಿಸ್ತಾ ಇದೀಯ, ಕೇಳೋರಿಲ್ಲ ಅಂತ!"

ಅಷ್ಟು ತಿಂಗಳು ಆ ಸಪ್ಪೆ ಸಾರನ್ನು ನುಂಗಿಕೊಂಡು, ಒಂದೊಂದು ತುತ್ತಿಗೂ ಬೈಗುಳವನ್ನು ಒಳಗೇ ಇಟ್ಟುಕೊಂಡು ಕೂತಿದ್ದರಲ್ಲ! ಡಾಕ್ಟರು ಬೇಡ ಅಂದಿದ್ದಾರೆ ಅಂತ ಒಂದು ಮಾತು ಹೇಳಿದರೆ ಮುಗಿಯಿತು. ಆದರೆ ಡಿಪೋದ ಶಿಸ್ತಿನ ಮನುಷ್ಯ ನೋಡಿ, ಹೌದಾ ಅಂತ ತಲೆ ತಗ್ಗಿಸಿ, ಮಾತಿಲ್ಲದೆ ಉಂಡು ಎದ್ದುಬಿಡುತ್ತಾರೆ.

"ಅಯ್ಯೋ, ಮರೆತೇಬಿಟ್ಟೆ ಕಣ್ರೀ" ಅಂದೆ.

"ಮರೆತಳಂತೆ!" ಅಂತ ಶುರುಮಾಡಿದರು, ತಟ್ಟೆ ಖಾಲಿಯಾಗುವವರೆಗೂ ನಿಲ್ಲಿಸಲಿಲ್ಲ. ಈಗ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಲೇತ್ ಓಡುತ್ತದೆ, ನಾನು ದಿನಾ ಉಪ್ಪು ಮರೆಯುತ್ತೇನೆ.